ರೋಗ ಸರ್ವೇಕ್ಷಣೆಯ ಸೂಚನಾ ಫಲಕ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಆರೋಗ್ಯದ ಅಂಕಿ-ಅಂಶಗಳ ನಡುವೆಯೇ ವೃತ್ತಿಜೀವನವನ್ನು ಕಳೆದ ನನ್ನಂಥವನು ಏನನ್ನು ತಾನೇ ಬರೆಯಬಲ್ಲನೆಂದು ಕೆಲವು ದಿನ ಹಿಂಜರಿದೆನು. ಆಗ ನೆನಪಿಗೆ ಬಂದುದು ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೋಡೆಗೆ ತೂಗುಹಾಕಿದ್ದ ಒಂದು ಸಣ್ಣ ಕಪ್ಪುಹಲಗೆ. ಬಿಳಿಯ ಬಣ್ಣದಲ್ಲಿ ಎಳೆದ ಗೆರೆಗಳ ನಡುವೆ ತರಗತಿ, ದಾಖಲಾದವರು, ಹಾಜರಾದವರು, ಗೈರುಹಾಜರಾದವರು ಎಂಬ ನಾಲ್ಕು ಅಂಕಣಗಳು ಅದರಲ್ಲಿದ್ದವು. ಮೊದಲನೆಯ ಅವಧಿ ಮುಗಿಯುವುದರೊಳಗಾಗಿ ಜವಾನನು ತರಗತಿಯಿಂದ ತರಗತಿಗೆ ಹೋಗಿ ಸಂಖ್ಯೆಗಳನ್ನು ಗುರುತುಮಾಡಿಕೊಂಡು ಬಂದು ಸೀಮೆಸುಣ್ಣದಿಂದ ಅದನ್ನು ತುಂಬುತ್ತಿದ್ದನು. ನಮಗೆ ಅದೊಂದು ನಿತ್ಯದ ಶಾಸ್ತ್ರವಾಗಿ ಕಾಣುತ್ತಿತ್ತೇ ಹೊರತು ಅದರಿಂದ ಏನು ಪ್ರಯೋಜನವೆಂದು ಯಾರೂ ಯೋಚಿಸಿದವರಲ್ಲ.

ಒಂದು ವರ್ಷ ಬೇಸಗೆಯ ಮೊದಲಿಗೆ ಕೆಳತರಗತಿಯೊಂದರಲ್ಲಿ ಒಂದೇ ದಿನ ಒಂಬತ್ತು ಮಕ್ಕಳು ಬಂದಿರಲಿಲ್ಲ. ಮುಖ್ಯೋಪಾಧ್ಯಾಯರು ಆ ಹಲಗೆಯ ಮುಂದೆ ನಿಂತು, ಹಿಂದಿನ ದಿನ ಎಷ್ಟು ಮಂದಿ ಗೈರುಹಾಜರಾಗಿದ್ದರೆಂದು ಕೇಳಿದರು, ಮೂವರು. ಅದರ ಹಿಂದಿನ ದಿನ? ಒಬ್ಬ. ಅವರು ಹಾಜರಿ ಪುಸ್ತಕವನ್ನು ತರಿಸಿ ಹೆಸರುಗಳನ್ನು ನೋಡಿದರು. ಒಂಬತ್ತರಲ್ಲಿ ಏಳು ಮಕ್ಕಳು ಒಂದೇ ಬೀದಿಯವರು. ಮಧ್ಯಾಹ್ನಕ್ಕೆ ಮೊದಲೇ ಜವಾನನು ಆ ಬೀದಿಗೆ ಹೋಗಿ ಬಂದು, ಅಲ್ಲಿ ದಡಾರ, ನಮ್ಮ ಕಡೆಯ ಹಿರಿಯರು ಗೊಬ್ಬರ ಎನ್ನುತ್ತಿದ್ದ ಜಾಡ್ಯ, ಕಾಣಿಸಿಕೊಂಡಿದೆಯೆಂದು ತಿಳಿಸಿದನು. ಸಂಜೆಯ ಹೊತ್ತಿಗೆ ಆರೋಗ್ಯ ಇಲಾಖೆಯವರು ಬಂದಿದ್ದರು. ಅನೇಕ ವರ್ಷಗಳ ತರುವಾಯ ದೊಡ್ಡ ದೊಡ್ಡ ಕಂಪ್ಯೂಟರ್ ಪರದೆಗಳ ಮುಂದೆ ಕುಳಿತಾಗಲೆಲ್ಲ ನಾನು ಆ ಕಪ್ಪುಹಲಗೆಯನ್ನು ನೆನೆದಿದ್ದೇನೆ. ಅದು ಮಾಡಿದಷ್ಟು ಕೆಲಸವನ್ನು ಈ ಪರದೆ ಮಾಡೀತೇ ಎಂಬುದೇ ನನ್ನ ಪ್ರಶ್ನೆಯಾಗಿರುತ್ತಿತ್ತು. ಪ್ರಕೃತ ಲೇಖನದ ವಿಷಯವೂ ಅದೇ.

ಇಂದು ಇಂಥ ಪರದೆಗಳಿಗೆ ಡ್ಯಾಶ್‌ಬೋರ್ಡ್ ಎಂದು ಕರೆಯುವುದು ರೂಢಿ. ಈ ಪದದ ಇತಿಹಾಸ ಸ್ವಾರಸ್ಯಕರವಾದುದು. ಕುದುರೆಗಾಡಿಗಳ ಕಾಲದಲ್ಲಿ ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಸವಾರರ ಮೈಮೇಲೆ ಬೀಳದಂತೆ ಗಾಡಿಯ ಮುಂಭಾಗದಲ್ಲಿ ಅಡ್ಡವಾಗಿ ಕಟ್ಟುತ್ತಿದ್ದ ಹಲಗೆಗೆ ಆ ಹೆಸರಿತ್ತು. ಮೋಟಾರು ಬಂದಮೇಲೆ ಅದೇ ಸ್ಥಳದಲ್ಲಿ ವೇಗ, ಪೆಟ್ರೋಲು, ಎಂಜಿನ್ನಿನ ಶಾಖ ಮೊದಲಾದುವನ್ನು ತೋರಿಸುವ ಮುಳ್ಳುಗಳನ್ನು ಜೋಡಿಸಿದರು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಅಲ್ಲಿಂದ ಅದು ಕಚೇರಿಯ ಗಣಕಯಂತ್ರಕ್ಕೆ ಏರಿತು. ನಾನು ಇದನ್ನು ಸೂಚನಾ ಫಲಕವೆಂದು ಕರೆಯುತ್ತೇನೆ. ವಾಹನ ಚಾಲಕನು ಪೆಟ್ರೋಲಿನ ಮುಳ್ಳನ್ನು ನೋಡುವುದು ತನ್ನ ತೊಟ್ಟಿಯ ಚರಿತ್ರೆಯನ್ನು ಅರಿಯುವುದಕ್ಕಾಗಿ ಅಲ್ಲವಷ್ಟೆ. ಮುಂದಿನ ಬಂಕಿನಲ್ಲಿ ನಿಲ್ಲಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದಕ್ಕಾಗಿ. ರೋಗ ಸರ್ವೇಕ್ಷಣೆಯ ಫಲಕವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು.

ಇಲಿಯೂ ಮಂಗವೂ

ರೋಗದ ಸುಳಿವನ್ನು ಮುಂಚಿತವಾಗಿ ಹಿಡಿಯುವ ವಿದ್ಯೆ ನಮಗೆ ಹೊಸದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ತರುವಾಯ ಹಲವು ದಶಕಗಳ ಕಾಲ ನಮ್ಮ ನಾಡಿನ ಊರುಗಳಲ್ಲಿ “ಇಲಿ ಬಿತ್ತು” ಎಂಬ ಎರಡು ಪದಗಳು ಕಿವಿಗೆ ಬಿದ್ದೊಡನೆ ಜನರು ಗಂಟುಮೂಟೆ ಕಟ್ಟಿ ಊರ ಹೊರಗಿನ ಗುಡಿಸಲುಗಳಿಗೆ ತೆರಳುತ್ತಿದ್ದರು. ಮನುಷ್ಯನಿಗೆ ಗಡ್ಡೆ ಕಾಣಿಸಿಕೊಳ್ಳುವ ಮುನ್ನವೇ ಇಲಿ ಸಾಯುತ್ತದೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿ, ಅದರೊಂದಿಗೆ ಹಳ್ಳಿಗರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಪರಿಶೀಲಿಸಿದರು. ಉಣ್ಣೆಯ ಕಡಿತದಿಂದ ಹರಡುವ, ಅಲ್ಲಿಯವರೆಗೆ ಜಗತ್ತಿಗೆ ತಿಳಿಯದಿದ್ದ ವೈರಾಣುವೊಂದು ಆಗ ಪತ್ತೆಯಾಯಿತು. ಅದಕ್ಕೆ ಆ ಕಾಡಿನ ಹೆಸರೇ ನಿಂತಿತು; ಜನರು ಮಂಗನ ಕಾಯಿಲೆ ಎಂದರು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತ ಸ್ಥಳವನ್ನು ಗುರುತುಮಾಡಿ ಸುತ್ತಲಿನ ಹಳ್ಳಿಗಳನ್ನು ಎಚ್ಚರಿಸುವುದು ಸರ್ವೇಕ್ಷಣೆಯ ಮುಖ್ಯ ಭಾಗವಾಗಿದೆ.

ಈ ಎರಡು ನಿದರ್ಶನಗಳನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ಎರಡರಲ್ಲೂ ಜನರ ಕಣ್ಣು ಮನುಷ್ಯನ ಮರಣಕ್ಕಿಂತ ಹಿಂದಿನ ಮೆಟ್ಟಿಲಿನ ಮೇಲಿತ್ತು. ನಮ್ಮ ಆಧುನಿಕ ಫಲಕಗಳಲ್ಲಿ ಅನೇಕವು ಕೊನೆಯ ಮೆಟ್ಟಿಲನ್ನೇ ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತವೆ: ಈವರೆಗಿನ ಒಟ್ಟು ರೋಗಿಗಳು, ಈವರೆಗಿನ ಒಟ್ಟು ಸಾವುಗಳು. ಒಟ್ಟು ಮೊತ್ತವೆಂಬುದು ಎಂದಿಗೂ ಇಳಿಯದ ಸಂಖ್ಯೆ. ರೋಗ ಏರುತ್ತಿದ್ದರೂ ಅದು ಏರುತ್ತದೆ, ಆರುತ್ತಿದ್ದರೂ ಏರುತ್ತದೆ. ಅದನ್ನು ನೋಡಿ ಯಾವ ಆರೋಗ್ಯ ನಿರೀಕ್ಷಕನೂ ನಾಳೆ ಯಾವ ಬೀದಿಗೆ ಹೋಗಬೇಕೆಂದು ತೀರ್ಮಾನಿಸಲಾರನು.

ಲಂಡನ್ನಿನ ವೈದ್ಯ ಜಾನ್ ಸ್ನೋ 1854ರ ಕಾಲರಾ ಸಾವುಗಳನ್ನು ಬೀದಿಯ ನಕ್ಷೆಯ ಮೇಲೆ ಮನೆಮನೆಗೆ ಒಂದೊಂದು ಗೀಟಾಗಿ ಗುರುತಿಸಿದಾಗ, ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಆ ನಕ್ಷೆ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಅದರ ಗುಣವೇನೆಂದರೆ, ನೋಡಿದವನಿಗೆ ಕೈಯಿಡಬೇಕಾದ ಜಾಗ ತಿಳಿಯುತ್ತಿತ್ತು.

ವರದಿಯು ನಡೆದುಬರುವ ದಾರಿ

ಫಲಕದ ಮೇಲೆ ಕಾಣುವ ಅಂಕಿ ಎಲ್ಲಿಂದ ಬರುತ್ತದೆಂಬುದನ್ನು ಅರಿಯದೆ ಅದರ ಬಣ್ಣ, ಆಕಾರಗಳ ಚರ್ಚೆ ವ್ಯರ್ಥ. ನಮ್ಮ ದೇಶದಲ್ಲಿ 2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಆರಂಭವಾಯಿತು. ಅದರಲ್ಲಿ ಮೂರು ನಮೂನೆಗಳು. ಆರೋಗ್ಯ ಕಾರ್ಯಕರ್ತೆಯು ಜ್ವರ, ಭೇದಿ, ಕೆಮ್ಮು ಮುಂತಾದ ಲಕ್ಷಣಗಳನ್ನು ಕಂಡಂತೆ ಬರೆಯುವುದು ‘ಎಸ್’ ನಮೂನೆ. ವೈದ್ಯನು ಪರೀಕ್ಷಿಸಿ ಇಂಥ ರೋಗವಿರಬಹುದೆಂದು ಊಹಿಸಿದುದು ‘ಪಿ’ ನಮೂನೆ. ಪ್ರಯೋಗಾಲಯವು ದೃಢಪಡಿಸಿದುದು ‘ಎಲ್’ ನಮೂನೆ. ಬಹುಕಾಲ ಇವು ವಾರಕ್ಕೊಮ್ಮೆ ಮೇಲಕ್ಕೆ ಹೋಗುತ್ತಿದ್ದವು. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಗೊಂಡು 2021ರ ಏಪ್ರಿಲಿನಲ್ಲಿ ದೇಶಾದ್ಯಂತ ಜಾರಿಗೆ ಬಂದ ಹೊಸ ವೇದಿಕೆಯಲ್ಲಿ, ಹಿಂದಿನ 18 ರೋಗಗಳಿಗೆ ಬದಲಾಗಿ 33 ರೋಗಗಳನ್ನು ದಾಖಲಿಸುವ, ಅಂದಂದಿನ ವರದಿಯನ್ನು ಅಂದೇ ತುಂಬುವ ಏರ್ಪಾಡಾಯಿತು.

ಈ ಮೂರು ನಮೂನೆಗಳು ಮೂರು ಬಗೆಯ ಸತ್ಯಗಳು. ಮೊದಲನೆಯದು ಬೇಗ ಬರುತ್ತದೆ, ಆದರೆ ಸಂದಿಗ್ಧ. ಕೊನೆಯದು ಖಚಿತ, ಆದರೆ ತಡ. ಡೆಂಗ್ಯೂವನ್ನೇ ತೆಗೆದುಕೊಳ್ಳೋಣ. ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಬರುತ್ತದೆ. ಮೊದಲೆರಡು ದಿನ ಮನೆಯವರು ಮಾತ್ರೆ ನುಂಗಿಸಿ ನೋಡುತ್ತಾರೆ. ಮೂರನೆಯ ದಿನ ವೈದ್ಯರಲ್ಲಿಗೆ ಹೋದರೆ, ರಕ್ತಪರೀಕ್ಷೆಯ ಫಲ ಬಂದು, ಅದು ಲೆಕ್ಕಕ್ಕೆ ಸೇರುವ ವೇಳೆಗೆ ಮತ್ತೂ ಮೂರು ನಾಲ್ಕು ದಿನ. ಅಂದರೆ ಈ ದಿನ ಫಲಕದ ಮೇಲೆ ಮಿನುಗುವ ಕೆಂಪುಚುಕ್ಕೆ ಸುಮಾರು ಎರಡು ವಾರಗಳ ಹಿಂದಿನ ಸೊಳ್ಳೆಯ ಗುರುತು. ಇತ್ತ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬಲಿತು ಹಾರುವುದಕ್ಕೆ ಹಿಡಿಯುವ ಕಾಲ ಏಳರಿಂದ ಹತ್ತು ದಿನ. ನಾವು ಚುಕ್ಕೆಯನ್ನು ನೋಡುವಷ್ಟರಲ್ಲಿ ಇನ್ನೊಂದು ತಲೆಮಾರು ಹುಟ್ಟಿಯಾಗಿರುತ್ತದೆ.

ಮೇಲಾಗಿ ಸರ್ಕಾರವು ಖಚಿತ ಪ್ರಕರಣವೆಂದು ಒಪ್ಪುವುದು ಎಲೈಸಾ ವಿಧಾನದ ಪರೀಕ್ಷೆಯನ್ನು ಮಾತ್ರ. ಬೀದಿಯ ಸಣ್ಣ ಪ್ರಯೋಗಾಲಯದಲ್ಲಿ ಹತ್ತು ನಿಮಿಷದ ಪಟ್ಟಿಯ ಮೇಲೆ ಮಾಡಿದ ಪರೀಕ್ಷೆ ಡೆಂಗ್ಯೂ ಎಂದರೂ ಅದು ಆ ಲೆಕ್ಕಕ್ಕೆ ಬಾರದು. ಶಾಸ್ತ್ರದೃಷ್ಟಿಯಿಂದ ಇದು ಸರಿಯಾದ ನಿಯಮ. ಆದರೆ ಫಲಕವನ್ನು ರಚಿಸುವವನು ಖಚಿತ ಪ್ರಕರಣಗಳ ಪಕ್ಕದಲ್ಲಿಯೇ ಸಂಶಯಿತ ಜ್ವರಗಳ ಗೆರೆಯನ್ನೂ, ಮನೆಮನೆಯ ಲಾರ್ವಾ ಸಮೀಕ್ಷೆಯ ಫಲವನ್ನೂ, ಮಳೆಯ ಪ್ರಮಾಣವನ್ನೂ ಇಡದಿದ್ದರೆ, ಅವನು ಇಲಿಯನ್ನು ಬಿಟ್ಟು ಹೆಣವನ್ನು ಎಣಿಸಿದಂತಾಗುತ್ತದೆ. ನೂರು ಮನೆಗಳನ್ನು ನೋಡಿದಾಗ ಎಷ್ಟರಲ್ಲಿ ಲಾರ್ವಾ ಸಿಕ್ಕಿತೆಂಬ ಒಂದೇ ಅಂಕಿಯು ಮುಂದಿನ ಮೂರು ವಾರಗಳ ಜ್ವರದ ಬಗ್ಗೆ ಹೇಳುವುದನ್ನು ಆಸ್ಪತ್ರೆಯ ಯಾವ ಅಂಕಿಯೂ ಹೇಳಲಾರದು.

ಪಶ್ಚಿಮ ಬೆಂಗಳೂರಿನ ನಿವಾಸಿಗಳಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕು. ವೃಷಭಾವತಿಯ ಕಡೆಗೆ ಕೈತೋರಿಸಿ “ಆ ಕೊಳಚೆಯಿಂದಲೇ ಡೆಂಗ್ಯೂ” ಎನ್ನುವವರು ವಿಜಯನಗರದಿಂದ ಕೆಂಗೇರಿಯವರೆಗೂ ಇದ್ದಾರೆ. ಆ ನದಿಯ ದುಃಸ್ಥಿತಿಗಾಗಿ ಮರುಗಬೇಕಾದುದು ನಿಜ. ಆದರೆ ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವ, ತಿಳಿನೀರನ್ನು ಬಯಸುವ, ಹುಟ್ಟಿದ ಮನೆಯಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗದ ಜೀವಿ. ದಿನ ಬಿಟ್ಟು ದಿನ ಬರುವ ಕಾವೇರಿ ನೀರನ್ನು ಹಿಡಿದಿಟ್ಟ ಡ್ರಮ್ಮು, ಮುಚ್ಚಳ ಸರಿಯಾಗಿ ಕೂರದ ಸಂಪು, ಹೂಕುಂಡದ ಕೆಳಗಿನ ತಟ್ಟೆ, ತಾರಸಿಯ ಮೂಲೆಯ ಹಳೆಯ ಟೈರು, ಅರ್ಧಕ್ಕೆ ನಿಂತ ಕಟ್ಟಡದ ನೆಲಮಾಳಿಗೆ, ಎಳನೀರು ಕುಡಿದು ಎಸೆದ ಬುರುಡೆ, ಇವೇ ಅದರ ತೊಟ್ಟಿಲುಗಳು. ವಾರ್ಡಿನ ಫಲಕವು ಇವುಗಳಲ್ಲಿ ಯಾವುದು ಈ ವಾರ ಹೆಚ್ಚು ಸಿಕ್ಕಿತೆಂದು ತೋರಿಸಿದರೆ ಗೃಹಿಣಿಗೂ ಅದರಿಂದ ಉಪಯೋಗವುಂಟು. 2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಪ್ರಕರಣಗಳು ಇಪ್ಪತ್ತೈದು ಸಾವಿರವನ್ನು ಮೀರಿದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಲಾರ್ವಾ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸುವ ನಿಯಮವನ್ನು ಮಾಡಿತು. ದಂಡಕ್ಕಿಂತ ಮುಂಚೆ ಮಾಹಿತಿ ತಲುಪಬೇಕೆಂಬುದು ನನ್ನ ಅಭಿಮತ.

ಹಸಿರು ಚೌಕ

ಈಗ ನನ್ನ ಸ್ವಂತ ಅನುಭವವೊಂದನ್ನು ಹೇಳುತ್ತೇನೆ. ಕಚೇರಿಯ ಹೆಸರೂ ಬಡಾವಣೆಯ ಹೆಸರೂ ಇಲ್ಲಿ ಅಪ್ರಸ್ತುತ. ನಿವೃತ್ತನಾದ ಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಬಡಾವಣೆಯ ಹಿರಿಯರೊಡನೆ ಸೊಳ್ಳೆಗಳ ಹಾವಳಿಯ ಬಗ್ಗೆ ಅರ್ಜಿ ಕೊಡಲು ಹೋಗಿದ್ದೆ. ಅಧಿಕಾರಿಯವರು ಸಜ್ಜನರು, ನಮ್ಮನ್ನು ಕೂರಿಸಿ ಗೋಡೆಯ ಮೇಲಿನ ದೊಡ್ಡ ಪರದೆಯನ್ನು ತೋರಿಸಿದರು. ವಾರ್ಡುಗಳೆಲ್ಲ ಬಣ್ಣಬಣ್ಣದ ಚೌಕಗಳಾಗಿ ಹೊಳೆಯುತ್ತಿದ್ದವು. “ನೋಡಿ ಸ್ವಾಮಿ, ನಿಮ್ಮದು ಹಸಿರಾಗಿದೆ. ಪಕ್ಕದ್ದು ಕೆಂಪು. ನಮ್ಮ ತಂಡವೆಲ್ಲ ಅಲ್ಲಿಯೇ ಇದೆ” ಎಂದರು.

ಆ ವಾರ ನಮ್ಮ ಬೀದಿಯೊಂದರಲ್ಲಿಯೇ ಆರು ಮನೆಗಳಲ್ಲಿ ಜ್ವರವಿತ್ತು. ಎದುರುಮನೆಯ ಹುಡುಗನು, ಏಳನೆಯ ತರಗತಿಯವನು, ತೀವ್ರನಿಗಾ ಘಟಕದಲ್ಲಿದ್ದನು. ಅವನ ತಾಯಿ ರಕ್ತದ ಕಿರುಬಿಲ್ಲೆಗಳನ್ನು ಕೊಡುವವರಿಗಾಗಿ ಮನೆಮನೆಗೆ ಫೋನು ಮಾಡಿಸುತ್ತಿದ್ದರು. ಹಾಗಾದರೆ ಹಸಿರೇಕೆ? ವಿಚಾರಿಸುತ್ತ ಹೋದಾಗ ತಿಳಿದುದಿಷ್ಟು. ನಮ್ಮ ವಾರ್ಡಿನ ಅಂಕಿಗಳನ್ನು ತುಂಬುತ್ತಿದ್ದ ಗುತ್ತಿಗೆಯ ಹುಡುಗಿ ಕೆಲಸ ಬಿಟ್ಟು ಮೂರು ವಾರಗಳಾಗಿದ್ದವು. ಬದಲಿಗೆ ಯಾರೂ ಬಂದಿರಲಿಲ್ಲ. ಸುತ್ತಲಿನ ಎರಡು ನರ್ಸಿಂಗ್ ಹೋಮುಗಳು ವರದಿ ಕಳುಹಿಸುವ ಪಟ್ಟಿಯಲ್ಲಿಯೇ ಇರಲಿಲ್ಲ. ಯಂತ್ರಕ್ಕೆ ಏನೂ ಬಾರದಿದ್ದಾಗ ಅದು ಶೂನ್ಯವೆಂದು ತಿಳಿಯಿತು. ಶೂನ್ಯಕ್ಕೆ ಹಸಿರು ಬಳಿಯಿತು. ಪಕ್ಕದ ವಾರ್ಡಿನಲ್ಲಿದ್ದ ವೈದ್ಯಾಧಿಕಾರಿಣಿಯಾದರೋ ಕರ್ತವ್ಯನಿಷ್ಠೆಯಿಂದ ಪ್ರತಿಯೊಂದು ಜ್ವರವನ್ನೂ ಬರೆಸುತ್ತಿದ್ದರು. ಅದರ ಫಲವಾಗಿ ಅವರ ವಾರ್ಡು ಕೆಂಪಾಗಿ, ಸಭೆಗಳಲ್ಲಿ ಅವರೇ ಉತ್ತರ ಹೇಳಬೇಕಾಗಿತ್ತು. ವರದಿ ಮಾಡಿದವರಿಗೆ ತಲೆನೋವು, ಮಾಡದವರಿಗೆ ಹಸಿರು ಬಣ್ಣ! ಹುಡುಗನು ಬದುಕಿಕೊಂಡನು. ಹಿಂದಿನ ಬೀದಿಯ ಒಬ್ಬ ಯುವತಿ ಬದುಕಲಿಲ್ಲ.

ಖಾಲಿಯೂ ಶೂನ್ಯವೂ ಒಂದೇ ಅಲ್ಲವೆಂಬುದನ್ನು ನಾನು ಇಷ್ಟು ದೀರ್ಘವಾಗಿ ಹೇಳುತ್ತಿರುವುದು ಇದಕ್ಕಾಗಿಯೇ. ಇಲ್ಲಿ ನಾನು ಹೇಳುವ ಶೂನ್ಯ ಅನುಭಾವಿಗಳದಲ್ಲ, ಗುಮಾಸ್ತೆಯದು. “ಪರೀಕ್ಷಿಸಿದೆವು, ಯಾರಿಗೂ ಇಲ್ಲ” ಎಂಬುದು ಶೂನ್ಯ. “ಯಾರೂ ನೋಡಿಲ್ಲ” ಎಂಬುದು ಖಾಲಿ. ಹಾಜರಿ ಹಲಗೆಯಲ್ಲಿ ಗೈರುಹಾಜರಿ ಇಲ್ಲದ ತರಗತಿಗೆ ಜವಾನನು ಸೊನ್ನೆಯನ್ನು ಬರೆಯುತ್ತಿದ್ದನು. ಮೇಷ್ಟರು ಹಾಜರಿ ತೆಗೆದುಕೊಳ್ಳದ ತರಗತಿಗೆ ಒಂದು ಅಡ್ಡಗೆರೆ ಎಳೆಯುತ್ತಿದ್ದನು. ಆ ಅಡ್ಡಗೆರೆಯನ್ನು ಕಂಡರೆ ಮುಖ್ಯೋಪಾಧ್ಯಾಯರಿಗೆ ಕೋಪ ಬರುತ್ತಿತ್ತು. ಫಲಕದಲ್ಲಿಯೂ ವರದಿ ಬಾರದ ವಾರ್ಡಿಗೆ ಹಸಿರಲ್ಲದ, ಕೆಂಪಲ್ಲದ, ಬೂದುಬಣ್ಣದ ಗೀಟುಗಳನ್ನು ಎಳೆಯಬೇಕು. ವರದಿ ಕೊಡಬೇಕಾದ ಸಂಸ್ಥೆಗಳೆಷ್ಟು, ಈ ವಾರ ಕೊಟ್ಟವೆಷ್ಟು ಎಂಬುದನ್ನು ರೋಗದ ಅಂಕಿಗಿಂತ ಮೇಲೆಯೇ ಬರೆಯಬೇಕು. ನನ್ನ ದೃಷ್ಟಿಯಲ್ಲಿ ಫಲಕದ ಎಲ್ಲ ಗುಣಗಳಲ್ಲಿ ಇದು ಮೊದಲನೆಯದು. ಉಳಿದುವೆಲ್ಲ ಇದರ ನಂತರ.

ಅಂಕಿಗಳ ಮೋಸ

ಉಳಿದುವುಗಳಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ. 20,000 ಜನರಿರುವ ವಾರ್ಡೊಂದರಲ್ಲಿ 10 ಪ್ರಕರಣಗಳು, 60,000 ಜನರಿರುವ ಇನ್ನೊಂದರಲ್ಲಿ 18 ಪ್ರಕರಣಗಳು ಎಂದಿಟ್ಟುಕೊಳ್ಳಿ. ಬರಿಯ ಸಂಖ್ಯೆಯಲ್ಲಿ ಎರಡನೆಯದು ಹೆಚ್ಚು. ಲಕ್ಷಕ್ಕೆ ಇಂತಿಷ್ಟು ಎಂದು ಭಾಗಿಸಿದರೆ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 30. ಆದುದರಿಂದ ಜನಸಂಖ್ಯೆಯಿಂದ ಭಾಗಿಸದ ನಕ್ಷೆ ಜನದಟ್ಟಣೆಯ ನಕ್ಷೆಯಾಗುತ್ತದೆಯೇ ಹೊರತು ರೋಗದ ನಕ್ಷೆಯಾಗುವುದಿಲ್ಲ. ಇದು ಎಂಟನೆಯ ತರಗತಿಯ ಗಣಿತ.

ಆದರೆ ಭಾಜಕವೇ ನಮ್ಮಲ್ಲಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೂಡಲ್ಪಟ್ಟಿತು. ಈ ಲೆಕ್ಕಗಳಿಗೆ ಆಧಾರವಾಗಿ ಉಳಿದಿರುವುದು 2011ರ ಗಣತಿಯೇ. ಆ ಬಳಿಕ ಕೆಂಗೇರಿಯ ಸುತ್ತ ಎದ್ದ ಬಹುಮಹಡಿ ಕಟ್ಟಡಗಳ ನಿವಾಸಿಗಳೆಲ್ಲ ರೋಗಿಗಳ ಲೆಕ್ಕದಲ್ಲಿ ಬರುತ್ತಾರೆ, ಜನಸಂಖ್ಯೆಯ ಲೆಕ್ಕದಲ್ಲಿ ಬರುವುದಿಲ್ಲ. ಗಡಿಗಳೂ ಸ್ಥಿರವಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳನ್ನು 2022ರಲ್ಲಿ 243 ಎಂದೂ 2023ರಲ್ಲಿ 225 ಎಂದೂ ಮರುವಿಂಗಡಿಸಲಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರ ಪಾಲಿಕೆಗಳಾದವು. ಪ್ರತಿಬಾರಿ ಗೆರೆ ಬದಲಾದಾಗಲೂ ಹಿಂದಿನ ವರ್ಷದೊಡನೆ ಹೋಲಿಸುವ ನೂಲು ಕಡಿಯುತ್ತದೆ. ಹಳೆಯ ಪಾಲಿಕೆಯ ಕಾಲದಲ್ಲಿ ರಾಜಾಜಿನಗರವು ಪಶ್ಚಿಮ ವಲಯದಲ್ಲಿಯೂ ವಿಜಯನಗರವು ದಕ್ಷಿಣ ವಲಯದಲ್ಲಿಯೂ ಕೆಂಗೇರಿಯು ರಾಜರಾಜೇಶ್ವರಿನಗರ ವಲಯದಲ್ಲಿಯೂ ಇದ್ದವು. ಮಾಗಡಿ ರಸ್ತೆಯ ಈ ಪಕ್ಕ, ಆ ಪಕ್ಕಗಳಲ್ಲಿ ಒಂದೇ ರೋಗ ಹರಡಿದರೆ ಅದು ಎರಡು ಅಂಕಣಗಳಲ್ಲಿ ಹಂಚಿಹೋಗಿ, ಎರಡರಲ್ಲಿಯೂ ಅಲ್ಪವಾಗಿ ಕಾಣಬಹುದಿತ್ತು. ಸೊಳ್ಳೆಗೆ ವಲಯದ ಅರಿವಿಲ್ಲ. ಆಡಳಿತದ ಗಡಿಯ ಜೊತೆಗೆ, ಪ್ರಕರಣಗಳ ನಿಜವಾದ ಸ್ಥಾನವನ್ನು ಅವಲಂಬಿಸಿದ ನಕ್ಷೆಯೂ ಫಲಕದ ಹಿಂಬದಿಯಲ್ಲಿರಬೇಕೆನ್ನುವುದು ಇದಕ್ಕಾಗಿ.

ಕಾಲದ ವಿಷಯದಲ್ಲಿಯೂ ಇಂಥದೇ ತೊಡಕು. ಕೊರೋನಾದ ಎರಡನೆಯ ಅಲೆಯನ್ನು ಮರೆತವರಾರು? 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕಟ್ಟುನಿಟ್ಟಿನ ನಿರ್ಬಂಧ ಬಂದಿತು. ಮೇ 5ರಂದು ಪ್ರಕಟವಾದ ಹೊಸ ಪ್ರಕರಣಗಳು 50,112. ಅವುಗಳಲ್ಲಿ ಬೆಂಗಳೂರಿನವೇ 23,106. ಫಲಕವನ್ನು ಮಾತ್ರ ನೋಡುವವನು ನಿರ್ಬಂಧದಿಂದ ಏನೂ ಆಗಲಿಲ್ಲವೆಂದೇ ತಿಳಿಯುತ್ತಾನೆ. ಆದರೆ ಆ ದಿನ ಪ್ರಕಟಗೊಂಡವರಲ್ಲಿ ಅನೇಕರಿಗೆ ಸೋಂಕು ತಗುಲಿದುದು ನಿರ್ಬಂಧಕ್ಕೆ ಮುಂಚೆ. ಲಕ್ಷಣ ಕಾಣುವುದು, ಗಂಟಲಿನ ದ್ರವ ಕೊಡುವುದು, ಫಲ ಬರುವುದು, ಇವೆಲ್ಲಕ್ಕೂ ದಿನಗಳು ಬೇಕಾಗಿದ್ದವು. ಪ್ರಕಟವಾದ ದಿನಾಂಕದ ಬದಲಾಗಿ ರೋಗ ಆರಂಭವಾದ ದಿನಾಂಕದ ಮೇರೆಗೆ ಗೆರೆ ಎಳೆದರೆ ಈ ಭ್ರಮೆ ಬಹುಮಟ್ಟಿಗೆ ಹೋಗುತ್ತದೆ. ಆಗ ಕೊನೆಯ ಒಂದು ವಾರದ ಅಂಕಿ ಯಾವಾಗಲೂ ಅಪೂರ್ಣವಾಗಿರುವುದರಿಂದ, ರೋಗವು ಇಳಿಯಿತೆಂಬ ಸುಳ್ಳು ಸಮಾಧಾನ ಹುಟ್ಟುತ್ತದೆ. ಆ ಭಾಗವನ್ನು ಮಸುಕಾಗಿ ತೋರಿಸಬೇಕು. ಭಾನುವಾರ ಪರೀಕ್ಷೆಗಳು ಕಡಿಮೆಯಾಗಿ ಸೋಮವಾರ ಅಂಕಿ ತಗ್ಗುವುದನ್ನು ನಾವೆಲ್ಲ ಕಂಡೆವು. ಏಳು ದಿನಗಳ ಸರಾಸರಿಯನ್ನು ಎಳೆದರೆ ಈ ಏರಿಳಿತ ಮರೆಯಾಗುತ್ತದೆ.

ಇನ್ನು ಎಷ್ಟಾದರೆ ಹೆಚ್ಚು? ವಾರ್ಡಿನಲ್ಲಿ ಎರಡು ಪ್ರಕರಣಗಳು ನಾಲ್ಕಾದರೆ ಪತ್ರಿಕೆಯು “ಶೇಕಡ ನೂರರಷ್ಟು ಏರಿಕೆ” ಎಂದೀತು. ಹಿಂದಿನ ಐದು ವರ್ಷಗಳಲ್ಲಿ ಇದೇ ವಾರದಲ್ಲಿ ಸಾಮಾನ್ಯವಾಗಿ ಎಷ್ಟಿತ್ತು ಎಂಬುದನ್ನು ಒಂದು ತಿಳಿಬಣ್ಣದ ಪಟ್ಟಿಯಾಗಿ ಹಿಂದೆ ಬಳಿದು, ಅದರ ಮೇಲೆ ಈ ವರ್ಷದ ಗೆರೆಯನ್ನು ಎಳೆದರೆ, ಗೆರೆ ಪಟ್ಟಿಯನ್ನು ದಾಟಿದ ಕ್ಷಣ ಹಳ್ಳಿಯ ಆಶಾ ಕಾರ್ಯಕರ್ತೆಗೂ ಅರ್ಥವಾಗುತ್ತದೆ. ಹಿಂದೆ ದೊಡ್ಡ ಪಿಡುಗು ಬಂದ ವರ್ಷವನ್ನು ಆ ಲೆಕ್ಕದಿಂದ ಬಿಡುವುದು ಒಳ್ಳೆಯದು. ಇಲ್ಲವಾದರೆ ಪಟ್ಟಿ ಅಗಲವಾಗಿ ಎಚ್ಚರಿಕೆ ತಡವಾಗುತ್ತದೆ.

ಬಣ್ಣಗಳ ಬಗ್ಗೆ ಒಂದೇ ಮಾತು. ಕೆಂಪು-ಹಸಿರುಗಳ ಭೇದ ಕಾಣದ ಪುರುಷರು ನಾವು ಎಣಿಸುವುದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಬಣ್ಣದ ಜೊತೆಗೆ ಸಂಖ್ಯೆಯನ್ನೋ ಗುರುತನ್ನೋ ಇಡಬೇಕು. ಅಕ್ಷರಗಳು ಕನ್ನಡದಲ್ಲಿರಬೇಕೆಂಬುದನ್ನು ಬೆಂಗಳೂರಿನಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಯಾರ ಕಣ್ಣಿಗೆ, ಯಾರ ಮನೆ

ಒಂದೇ ಫಲಕವು ಎಲ್ಲರಿಗೂ ಸಾಕೆಂಬ ಆಸೆಯಿಂದಲೇ ಅನೇಕ ಫಲಕಗಳು ಹಾಳಾಗಿವೆ. ಆರೋಗ್ಯ ನಿರೀಕ್ಷಕನಿಗೆ ಬೇಕಾದುದು ಬೆಳಗಿನ ಎಂಟು ಗಂಟೆಗೆ ಒಂದು ಪಟ್ಟಿ: ಯಾವ ಅಡ್ಡರಸ್ತೆ, ಯಾವ ಮನೆಗಳ ಸುತ್ತು. ನಮ್ಮ ಕ್ಲಿನಿಕ್‌ನ ವೈದ್ಯರಿಗೆ ಬೇಕಾದುದು ತಮ್ಮ ಪ್ರದೇಶದಲ್ಲಿ ಈ ವಾರ ಯಾವ ಜ್ವರ ಹೆಚ್ಚು ಎಂಬ ಸೂಚನೆ. ಆಯುಕ್ತರಿಗೆ ಬೇಕಾದುದು ಹಣ, ಜನ, ಔಷಧಗಳನ್ನು ಎತ್ತ ಕಳುಹಿಸಬೇಕೆಂಬುದು. ನಾಗರಿಕನಿಗೆ ಬೇಕಾದುದು ತನ್ನ ಸಂಪನ್ನು ಇಂದೇ ತಿಕ್ಕಬೇಕೇ ಎಂಬ ಉತ್ತರ. ಈ ನಾಲ್ವರನ್ನೂ ಒಂದೇ ಪರದೆಯ ಮುಂದೆ ನಿಲ್ಲಿಸಿದರೆ ಮೂವರು ಏನೂ ತಿಳಿಯದೆ ಹಿಂದಿರುಗುತ್ತಾರೆ. ನಾಲ್ಕನೆಯವರು ಅದರ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ನಮ್ಮ ರಾಜ್ಯಕ್ಕೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸೋಣ. 2020ರ ಮೇ-ಜೂನ್ ವೇಳೆಯಲ್ಲಿ ಭಾರತದ ರಾಜ್ಯಗಳು ಕೊರೋನಾದ ಅಂಕಿಗಳನ್ನು ಎಷ್ಟು ಚೆನ್ನಾಗಿ ಪ್ರಕಟಿಸುತ್ತಿವೆ ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದರು. ಒಂದಕ್ಕೆ ಕರ್ನಾಟಕವು 0.61 ಅಂಕ ಪಡೆದು ಮೊದಲನೆಯ ಸ್ಥಾನದಲ್ಲಿತ್ತು. ಕೆಲವು ರಾಜ್ಯಗಳು ಸೊನ್ನೆಯನ್ನೇ ಪಡೆದಿದ್ದವು. ಹೆಮ್ಮೆಪಡೋಣ, ಮೊದಲಿಗನೂ ನೂರಕ್ಕೆ ಅರವತ್ತೊಂದನ್ನು ಮಾತ್ರ ತೆಗೆದನೆಂಬುದನ್ನು ಅಧ್ಯಾಪಕರಾದ ಓದುಗರು ಗಮನಿಸದೆ ಇರಲಾರರು.

ಅದೇ 2020ರ ಮಾರ್ಚಿನಲ್ಲಿ, ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿರಬೇಕಾಗಿದ್ದವರ ವಿಳಾಸಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಲಾಯಿತು. ಭಯದ ದಿನಗಳವು, ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಬಾಗಿಲಿಗೆ ಗುರುತು ಬಿದ್ದ ಮನೆಯವರು ಮುಂದಿನ ಬಾರಿ ಕೆಮ್ಮು ಬಂದರೆ ಬಚ್ಚಿಡುತ್ತಾರೆ. ಬಚ್ಚಿಟ್ಟ ಕೆಮ್ಮು ಯಾವ ನಮೂನೆಗೂ ಬಾರದು. ಫಲಕ ಮತ್ತೆ ಹಸಿರಾಗುತ್ತದೆ. ಮನೆಯ ಸಂಖ್ಯೆ ನಿರೀಕ್ಷಕನ ಪಟ್ಟಿಯಲ್ಲಿರಲಿ. ಸಾರ್ವಜನಿಕ ಫಲಕದಲ್ಲಿ ವಾರ್ಡಿಗಿಂತ ಸಣ್ಣ ಗುರುತು ಬೇಡ, ಪ್ರಕರಣಗಳು ಬೆರಳೆಣಿಕೆಯಷ್ಟಿದ್ದಾಗ ವಯಸ್ಸು-ಲಿಂಗಗಳ ವಿವರವೂ ಬೇಡ. ಈ ದೃಷ್ಟಿಯಿಂದ 2021ರಿಂದ ಬೆಂಗಳೂರಿನಲ್ಲಿ ನಡೆದಿರುವ ಕೊಳಚೆನೀರಿನ ವೈರಾಣು ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದುದು. ಅದು ಯಾರ ಹೆಸರನ್ನೂ ಕೇಳುವುದಿಲ್ಲ, ವೈದ್ಯರಲ್ಲಿಗೆ ಹೋಗದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಸಾವಿರಾರು ಮನೆಗಳಿಂದ ಪ್ರತಿದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ವರದಿ ಬರುವ ಸಂಸ್ಥೆ ಊರಿನಲ್ಲಿ ಶಾಲೆಯೊಂದೇ. ಮಗು ಬಾರದಿದ್ದುದಕ್ಕೆ ಕಾರಣ ಜ್ವರವೇ, ಅದು ಎಷ್ಟು ದಿನದಿಂದ, ಮನೆ ಯಾವ ಬೀದಿಯಲ್ಲಿ, ಈ ಮೂರನ್ನು ತರಗತಿಯ ಅಧ್ಯಾಪಕರು ಬರೆದು, ಒಂದೇ ಬೀದಿಯ ಮೂರು ಮಕ್ಕಳಿಗೆ ಒಂದು ವಾರದಲ್ಲಿ ಜ್ವರ ಬಂದರೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಫೋನು ಮಾಡುವ ಕ್ರಮವನ್ನಿಟ್ಟರೆ, ಪ್ರಯೋಗಾಲಯದ ಫಲಕ್ಕಿಂತ ಹಲವು ದಿನ ಮುಂಚೆ ಸುಳಿವು ಸಿಗುತ್ತದೆ. ಖರ್ಚು ಒಂದು ನೋಟುಪುಸ್ತಕ. ಕಳೆದ ಬಾರಿ ಶಾಲೆಗೆ ಹೋದಾಗ ಹಳೆಯ ವಿದ್ಯಾರ್ಥಿಯೊಬ್ಬರು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ದೊಡ್ಡ ಪರದೆಯನ್ನು ಹಾಕಿಸಿಕೊಡುವ ಮಾತನಾಡುತ್ತಿದ್ದರು. ಹಾಕಿಸಲಿ, ಸಂತೋಷ. ಆದರೆ ಹಳೆಯ ಕಪ್ಪುಹಲಗೆ ಇನ್ನೂ ಅಲ್ಲಿಯೇ ತೂಗುತ್ತಿದೆ. ಗೈರುಹಾಜರಿಯ ಅಂಕಣದ ಬಲಕ್ಕೆ ಒಂದು ಗೇಣಿನಷ್ಟು ಜಾಗ ಖಾಲಿಯಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೆ ಮುಂಚೆ ಯಾರಾದರೂ ಅಲ್ಲಿ ಇನ್ನೊಂದು ಬಿಳಿಯ ಗೆರೆಯನ್ನೆಳೆದು ‘ಜ್ವರ’ ಎಂದು ಬರೆಸಿದರೆ ಸಾಕು.